ಹೆಸರುಕಾಳಿನ ಮೊಳಕೆಯಲ್ಲಿ ಸಿಕ್ಕ ಪೀಕ್ ಆಕ್ಸಿನ್ನಿನದ್ದೇ ಅಲ್ವಾ?

ಮೊಳಕೆಕಾಳು:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಹೆಸರುಕಾಳಿನ ಮೊಳಕೆಯಲ್ಲಿ ಗಿಡದ ಬೆಳವಣಿಗೆಯ ಹಾರ್ಮೋನ್ ಆಕ್ಸಿನ್ (ಐಎಎ) ಅಳೆಯುತ್ತಿದ್ದೇನೆ. ಸ್ಕ್ರೀನ್ ಪ್ರಿಂಟೆಡ್ ಕಾರ್ಬನ್ ಎಲೆಕ್ಟ್ರೋಡ್, ಮೇಲೆ ನ್ಯಾನೊಟ್ಯೂಬ್ ಲೇಪ, ಡಿಪಿವಿ ವಿಧಾನ (ವೋಲ್ಟೇಜನ್ನು ಚಿಕ್ಕ ಮಿಡಿತಗಳಲ್ಲಿ ಏರಿಸುತ್ತಾ ಕರೆಂಟ್ ಅಳೆಯುವುದು). ಪಿಎಚ್ 7ರ ಬಫರಿನಲ್ಲಿ ಶುದ್ಧ ಐಎಎ ಹಾಕಿದರೆ 0.6 ವೋಲ್ಟ್ ಹತ್ತಿರ ಚೂಪಾದ ಪೀಕ್ ಬರುತ್ತದೆ. 1ರಿಂದ 50 ಮೈಕ್ರೋಮೋಲಾರ್‌ವರೆಗೆ ಐಎಎ ಪ್ರಮಾಣಕ್ಕೆ ಪೀಕ್ ಎತ್ತರದ ಗ್ರಾಫ್ ನೇರವಾಗಿದೆ. ಆದರೆ ಮೊಳಕೆ ಅರೆದು, ಸೋಸಿ, ಅದೇ ಬಫರಿಗೆ ಬೆರೆಸಿದರೆ ಪೀಕ್ ಗುಡ್ಡದ ಹಾಗೆ ಅಗಲವಾಗಿ ಏಳುತ್ತದೆ, ಎಡಗಡೆ ಇನ್ನೊಂದು ದೊಡ್ಡ ಉಬ್ಬು. ಲೆಕ್ಕ ಹಾಕಿದರೆ ಗ್ರಾಂಗೆ 9 ಮೈಕ್ರೋಗ್ರಾಂ ಐಎಎ. ಅರೆಯುವಾಗ ರಸ ಕಪ್ಪಾಗಬಾರದು ಅಂತ ಸ್ವಲ್ಪ ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ) ಹಾಕಿದ್ದೆ. ಅದೇ ಎಲೆಕ್ಟ್ರೋಡಿನಲ್ಲಿ ಎರಡನೇ ಸಲ ಓಡಿಸಿದರೆ ಪೀಕ್ ಅರ್ಧಕ್ಕೆ ಇಳಿಯುತ್ತದೆ. ಈ ಸಂಖ್ಯೆ ಬರೆದುಕೊಳ್ಳಬಹುದಾ?

ಗದ್ದೆಬದಿ:
ಈಗಲೇ ಬರೆಯಬೇಡಿ. ಎಳೆ ಸಸಿಗಳಲ್ಲಿ ಬಿಡಿಯಾಗಿರುವ ಐಎಎ ಸಾಮಾನ್ಯವಾಗಿ ಗ್ರಾಂಗೆ ಹತ್ತಾರು ನ್ಯಾನೊಗ್ರಾಂ ಅಷ್ಟೇ. ನಿಮ್ಮದು ನೂರಾರು ಪಟ್ಟು ಜಾಸ್ತಿ ಆಯಿತು. ಐಎಎ ಅಣುತೂಕ 175, ಹಾಗಾಗಿ ಗ್ರಾಂಗೆ 35 ನ್ಯಾನೊಗ್ರಾಂ ಅಂದರೆ ಸುಮಾರು 0.2 ಮೈಕ್ರೋಮೋಲಾರ್. ಅದನ್ನು ಹತ್ತು ಪಟ್ಟು ಬಫರಿಗೆ ಬೆರೆಸಿದರೆ 0.02. ನಿಮ್ಮ ಗ್ರಾಫ್ ಶುರುವಾಗುವುದೇ 1ರಿಂದ! ನಿಜವಾದ ಐಎಎ ಎಷ್ಟಿದ್ದರೂ ಈ ಗ್ರಾಫಿನಲ್ಲಿ ಕಾಣುವುದಿಲ್ಲ.

ಎಡಗಡೆ ಉಬ್ಬು ಆಸ್ಕಾರ್ಬಿಕ್ ಆಸಿಡ್‌ದೇ ಇರಬೇಕು. ನೀವು ಹಾಕಿದ್ದು ಬೇರೆ, 100 ಗ್ರಾಂ ಹಸಿ ಮೊಳಕೆಯಲ್ಲೇ ಸುಮಾರು 13 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಬಲಗಡೆ ಗುಡ್ಡದೊಳಗೆ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಸಿಡ್ ಸೇರಿಕೊಂಡಿದೆ ಅಂತ ನನ್ನ ಅನುಮಾನ. ಐಎಎ, ಟ್ರಿಪ್ಟೊಫಾನ್ ಎರಡರಲ್ಲೂ ಇರುವುದು ಅದೇ ಇಂಡೋಲ್ ಉಂಗುರ, ಎಲೆಕ್ಟ್ರಾನ್ ಬಿಡುವುದೂ ಅದೇ. ಬರೀ ಟ್ರಿಪ್ಟೊಫಾನ್ ಒಮ್ಮೆ ಓಡಿಸಿ ನೋಡಿ. ರಸವನ್ನು ಪಿಎಚ್ 3ರ ಸುತ್ತ ತಂದು ಈಥೈಲ್ ಅಸಿಟೇಟ್‌ನಲ್ಲಿ ಕುಲುಕಿ, ಐಎಎ ಮೇಲಿನ ಪದರಕ್ಕೆ ಹೋಗುತ್ತದೆ, ಆಸ್ಕಾರ್ಬಿಕ್, ಟ್ರಿಪ್ಟೊಫಾನ್ ಎರಡೂ ಹೆಚ್ಚಾಗಿ ನೀರಿನಲ್ಲೇ ಉಳಿಯುತ್ತವೆ. ಫೀನಾಲಿಕ್ ಆಸಿಡ್‌ಗಳು ಮಾತ್ರ ಜೊತೆಗೇ ಬರುತ್ತವೆ.

ಕರಿಕಾರ್ಬನ್:
ಪೀಕ್ ಅರ್ಧಕ್ಕೆ ಇಳಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಡೋಲ್, ಫೀನಾಲ್ ಆಕ್ಸಿಡೈಸ್ ಆದ ಮೇಲೆ ಒಂದಕ್ಕೊಂದು ಕೂಡಿಕೊಂಡು ಕಾರ್ಬನ್ ಮೇಲೆ ಪೊರೆ ಕಟ್ಟುತ್ತವೆ, ಪಾತ್ರೆಗೆ ಜಿಡ್ಡು ಹಿಡಿದ ಹಾಗೆ. ನನಗೆ ಇದರಿಂದ ನಾಲ್ಕು ತಿಂಗಳು ಹಾಳಾಯಿತು. ದಿನಾ ನೀರು ಹಾಕಿದ ಗಿಡದ ಸ್ಯಾಂಪಲ್ ಮೊದಲು, ಒಣಗಿಸಿದ ಗಿಡದ್ದು ಆಮೇಲೆ ಓಡಿಸುತ್ತಿದ್ದೆ. ಒಣಗಿದ ಗಿಡದಲ್ಲಿ ಆಕ್ಸಿನ್ ಕಮ್ಮಿ ಅಂತ ನಂಬಿಬಿಟ್ಟಿದ್ದೆ. ಒಂದು ದಿನ ಸರದಿ ತಿರುಗಿಸಿದೆ, ಫಲಿತಾಂಶವೂ ತಿರುಗಿತು. ಆವತ್ತಿನಿಂದ ಒಂದು ರೀಡಿಂಗಿಗೆ ಒಂದು ಹೊಸ ಎಲೆಕ್ಟ್ರೋಡ್, ಸ್ಯಾಂಪಲ್‌ಗಳ ಸರದಿ ಚೀಟಿ ಎತ್ತಿ.

ಬಫರಿನ ಗ್ರಾಫ್ ಬಿಟ್ಟು ರಸಕ್ಕೇ ಗೊತ್ತಿರುವಷ್ಟು ಐಎಎ ಸೇರಿಸುತ್ತಾ ಹೋಗಿ, ಪ್ರತಿ ಸಲ ಪೀಕ್ ಎಷ್ಟು ಏರುತ್ತದೆ ನೋಡಿ. ಐಎಎ ದ್ರಾವಣ ಬೆಳಕಿಗೆ ಕೆಡುತ್ತದೆ, ಫಾಯಿಲ್ ಸುತ್ತಿಡಿ. ಕೊನೆಗೆ ಕೆಲವು ಸ್ಯಾಂಪಲ್ಲನ್ನು, ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್‌ಗೆ ಕಳಿಸಲೇಬೇಕು.

ಬೇರುಸಾಲು:
ಅರೆಯದೆಯೂ ದಾರಿ ಇದೆ. 2010ರಲ್ಲಿ ಮೆಕ್ಲಾಮೋರ್ ಮತ್ತು ಸಂಗಡಿಗರು ಮೆಕ್ಕೆಜೋಳದ ಬೇರಿನ ಪಕ್ಕ ಸೂಕ್ಷ್ಮ ಪ್ಲಾಟಿನಂ ಎಲೆಕ್ಟ್ರೋಡನ್ನು ಹತ್ತಿರ ದೂರ ಸರಿಸುತ್ತಾ, ಎರಡು ಜಾಗದ ವ್ಯತ್ಯಾಸದಿಂದ ಐಎಎ ಹರಿವನ್ನು ಅಳೆದರು. ಹಿನ್ನೆಲೆ ಕರೆಂಟ್ ಎರಡೂ ಕಡೆ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಹಾರ್ಮೋನ್ ಬದಲಿಸಲು ಅವಕಾಶ ಇದ್ದರೆ ಭತ್ತದ ಎಲೆಯಲ್ಲಿ ಸ್ಯಾಲಿಸಿಲಿಕ್ ಆಸಿಡ್ ನೋಡಿ. ಅಲ್ಲಿ ಅದು ಗ್ರಾಂಗೆ ಮೈಕ್ರೋಗ್ರಾಂ ಲೆಕ್ಕದಲ್ಲೇ ಇರುತ್ತದೆ.

ಮೊಳಕೆಕಾಳು:
ಮೂವರಿಗೂ ಥ್ಯಾಂಕ್ಸ್. ಇವತ್ತು ಬರೀ ಟ್ರಿಪ್ಟೊಫಾನ್ ಓಡಿಸಿದೆ, ಪೀಕ್ 0.7 ಹತ್ತಿರ. ಐಎಎ ಜೊತೆ ಬೆರೆಸಿದರೆ ಎರಡೂ ಕೂಡಿ ಅದೇ ಗುಡ್ಡ. ರಸಕ್ಕೆ 5 ಮೈಕ್ರೋಮೋಲಾರ್ ಐಎಎ ಸೇರಿಸಿದರೆ 3 ಮಾತ್ರ ತೋರಿಸಿತು. ನಾಳೆ ಆಸ್ಕಾರ್ಬಿಕ್ ಹಾಕದೆ, ದ್ರವ ನೈಟ್ರೋಜನ್‌ನಲ್ಲಿ ಅರೆದು, ಈಥೈಲ್ ಅಸಿಟೇಟ್ ಹಂತ ಸೇರಿಸಿ ಮತ್ತೆ ಶುರು ಮಾಡುತ್ತೇನೆ. ಒಂದು ಡೌಟು: ಆ ಪದರ ಆರಿಸಿದ ಮೇಲೆ ನೇರ ಬಫರ್ ಹಾಕುವುದಾ, ಮೊದಲು ಸ್ವಲ್ಪ ಎಥನಾಲ್‌ನಲ್ಲಿ ಕರಗಿಸುವುದಾ?

ಗದ್ದೆಬದಿ:
ಮೊದಲು ಎಥನಾಲ್, ಒಂದೆರಡು ಹನಿ ಸಾಕು. ಗ್ರಾಫಿನ ಬಫರಿಗೂ ಅಷ್ಟೇ ಎಥನಾಲ್ ಹಾಕಿ.