ಕುದುರೆಮುಖಕ್ಕೆ ಎರಡು ಸಲ ಹೋದರೂ ಒಂದು ಪ್ರಾಣಿಯೂ ಕಾಣಲಿಲ್ಲ, ತಪ್ಪೆಲ್ಲಿ?

ಬೆಟ್ಟದಹುಚ್ಚ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಕುದುರೆಮುಖ ಶಿಖರಕ್ಕೆ ಎರಡು ಸಲ ಹೋಗಿದ್ದೇನೆ. ಎರಡೂ ಸಲ ಒಂದೇ ಕತೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಗಾಡಿ ಹತ್ತೋದು, ಬೆಳಿಗ್ಗೆ ಜೀಪಿನಲ್ಲಿ ಕುಲುಕಿಸಿಕೊಂಡು ಮುಳ್ಳೋಡಿ ತಲುಪೋದು, ಹತ್ತೋದು, ಫೋಟೋ ತೆಗೆಯೋದು, ಇಳಿಯೋದು. ಹೋಗಿ ಬರಲು ಹತ್ತಿರ ಹತ್ತಿರ 20 ಕಿ.ಮೀ. ನಡೆದಿದ್ದೇನೆ. ನೋಡಿದ್ದು ಮಾತ್ರ ಮುಂದಿನವರ ಬೆನ್ನು, ಅವರ ಹಳದಿ ರೈನ್‌ಕೋಟು. ಪ್ರಾಣಿ ಅಂತ ಕಂಡಿದ್ದು ಹೋಂಸ್ಟೇ ನಾಯಿ ಒಂದೇ. ಪಾಪ, ಅದು ಒಂಟಿಮರದ ತನಕ ಜೊತೆಗೆ ಬಂದು, ನನ್ನ ಅರ್ಧ ಚಪಾತಿ ತಿಂದು ವಾಪಸ್ ಹೋಯಿತು.

ಈಗ ವಿಷಯ ಏನಂದ್ರೆ, ಈ ಸಲ ಅಪ್ಪ ನಾನೂ ಬರ್ತೀನಿ ಅಂತಿದ್ದಾರೆ. 64 ವರ್ಷ, ಬಲ ಮಂಡಿ ನೋವಿದೆ. ಚಿಕ್ಕವರಿದ್ದಾಗ ತೀರ್ಥಹಳ್ಳಿ ಕಡೆ ಅಜ್ಜನ ಮನೆಯಲ್ಲಿ ಸಿಂಗಳೀಕ ನೋಡಿದ್ದರಂತೆ, ಇನ್ನೊಂದು ಸಲ ನೋಡಬೇಕು ಅನ್ನೋ ಆಸೆ. ಅವರನ್ನು ಶಿಖರಕ್ಕೆ ಹತ್ತಿಸಲು ಆಗಲ್ಲ ಅಂತ ನನಗೂ ಗೊತ್ತು. ಆದರೆ ಅಷ್ಟು ದೂರ ಹೋಗಿ ಮೇಲೆ ಹತ್ತದೆ ಬಂದರೆ ಏನು ಸಿಗುತ್ತೆ? ನವೆಂಬರ್ ಕೊನೆಗೆ ಹೋಗೋಣ ಅಂತ. ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಲೆನ್ಸ್‌ಕ್ಯಾಪ್:

ಪ್ರಾಣಿ ನೋಡಬೇಕಾದರೆ ಕುದುರೆಮುಖ ಯಾಕೆ ಸರ್? ನಾಗರಹೊಳೆಗೆ ಹೋಗಿ. ಸಫಾರಿ ಬಸ್ಸಲ್ಲಿ ಕೂತ್ಕೊಳ್ಳಿ, ಜಿಂಕೆ, ಆನೆ ಗ್ಯಾರಂಟಿ. ಅದೃಷ್ಟ ಇದ್ದರೆ ಹುಲಿ. ಅಪ್ಪನ ಮಂಡಿಗೂ ಒಳ್ಳೇದು. ಕುದುರೆಮುಖದಲ್ಲಿ ನಾನು ಮೂರು ದಿನ 600 ಎಂಎಂ ಲೆನ್ಸ್ ಹೊತ್ತು ತಿರುಗಿದ್ದೇನೆ, ಮಂಜಿನ ಫೋಟೋ ಬಿಟ್ಟರೆ ಏನೂ ಸಿಗಲಿಲ್ಲ.

ಕಳಸದವ:

ಮಾರಾಯ್ರೇ, ನಿಮ್ಮ ತಪ್ಪೇನೂ ಇಲ್ಲ. ತಪ್ಪು ಗಡಿಯಾರದ್ದು.

ಶಿಖರದ ದಾರಿ ಒಂದು ಸಲ ನೆನಪು ಮಾಡಿಕೊಳ್ಳಿ. ಗುಡ್ಡದ ಮೈಯೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ, ನೀರು ಹರಿಯುವ ಕಡೆ ಮಾತ್ರ ಕಪ್ಪಗೆ ಒತ್ತಾದ ಕಾಡು. ಅದಕ್ಕೇ ಶೋಲಾ ಅನ್ನೋದು. ಕಾಟಿ (ಕಾಡುಕೋಣ), ಕಡವೆ ಎಲ್ಲ ಬೆಳಕು ಹರಿಯುವ ಹೊತ್ತಿಗೆ ಹುಲ್ಲಿಗೆ ಬರುತ್ತವೆ, ಬಿಸಿಲೇರಿತೋ ಶೋಲಾ ಒಳಗೆ ಹೋಗಿ ಮೆಲುಕು ಹಾಕುತ್ತಾ ಮಲಗುತ್ತವೆ, ಮತ್ತೆ ಸಂಜೆಗೇ ಹೊರಗೆ. ನೀವು ಜೀಪ್ ಇಳಿದು, ಚೀಟಿ ತೋರಿಸಿ, ಬೂಟಿನ ದಾರ ಕಟ್ಟಿ ಹುಲ್ಲುಗುಡ್ಡ ಏರುವಾಗ ಗಂಟೆ ಒಂಬತ್ತೋ ಹತ್ತೋ ಆಗಿರುತ್ತದೆ. ಸಂಜೆಯೊಳಗೆ ಇಳಿದುಬಿಡಬೇಕು, ಮೇಲೆ ಟೆಂಟ್ ಹಾಕುವ ಹಾಗಿಲ್ಲ. ಅಂದರೆ ಅವು ಒಳಗಿದ್ದಾಗ ನೀವು ಹೊರಗೆ, ಅವು ಹೊರಗೆ ಬರುವಾಗ ನೀವು ಹೋಂಸ್ಟೇಯಲ್ಲಿ ಬಜ್ಜಿ ತಿನ್ನುತ್ತಾ ಇರುತ್ತೀರಿ. ಭೇಟಿ ಆಗುವುದು ಹೇಗೆ ಹೇಳಿ? ಇದರ ಮೇಲೆ ದಿನಕ್ಕೆ 300 ಜನರ ತನಕ ಬಿಡುತ್ತಾರೆ. ನಿಯಮ ಸರಿಯೇ ಇದೆ, ನಾನು ಅದನ್ನು ದೂರುತ್ತಿಲ್ಲ. ಮುಂಚೆ ಎಷ್ಟು ಬೇಕಾದರೂ ಬರುತ್ತಿದ್ದರು, ಆಗಿನ ಕಸ ನೋಡಿದವರಿಗೆ ಗೊತ್ತು.

ಹಾಗಾಗಿ ಶಿಖರ ಬಿಟ್ಟುಬಿಡಿ. ಕಾಡಿನ ಅಂಚಿಗೆ ತೋಟ ಇರುವ ಕಡೆ ಮನೆ ನೋಡಿ ಎರಡು ರಾತ್ರಿ ಉಳಿಯಿರಿ. ಸಂಸೆ, ಕಳಸ ಸುತ್ತ ಬೇಕಾದಷ್ಟಿವೆ. ಆರು ಗಂಟೆಗೆ ಅಪ್ಪನಿಗೆ ಒಂದು ಲೋಟ ಕಾಫಿ ಕೊಟ್ಟು ಜಗಲಿಯಲ್ಲಿ ಕೂರಿಸಿ. ಮೊಬೈಲ್ ಒಳಗೆ ಇಡಿ. ಎರಡು ಗಂಟೆ ಕೂರಬೇಕು, ಅದಕ್ಕಿಂತ ಕಡಿಮೆ ಆಗಲ್ಲ. ಮೊದಲ ಅರ್ಧ ಗಂಟೆ ಏನೂ ಇಲ್ಲ ಅನ್ನಿಸುತ್ತದೆ, ಆಮೇಲೆ ಒಂದೊಂದೇ ಶುರುವಾಗುತ್ತದೆ. ಕಾಡೊಳಗೇ ಉಳಿಯಬೇಕಂದ್ರೆ ಭದ್ರಾ ಹೊಳೆ ದಡದಲ್ಲಿ ಭಗವತಿ ಪ್ರಕೃತಿ ಶಿಬಿರ ಇದೆ.

ನನ್ನದೇ ಒಂದು ಹೇಳುತ್ತೇನೆ. ಮೂರು ವರ್ಷದ ಕೆಳಗೆ ದನ ಹುಡುಕಿಕೊಂಡು ಗುಡ್ಡದ ಬುಡಕ್ಕೆ ಹೋಗಿದ್ದೆ. ಮಂಜು ಹೇಗಿತ್ತು ಅಂದರೆ ನನ್ನ ಕತ್ತಿಯ ತುದಿ ನನಗೇ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಕೊಟ್ಟಿಗೆ ವಾಸನೆ ಬಂತು. ಗಂಜಲ, ಸಗಣಿ, ಜಗಿದ ಹುಲ್ಲು. ಅರೆ, ಯಾರದೋ ಮನೆ ಹತ್ತಿರ ಬಂದೆನಲ್ಲ ಅಂತ ಖುಷಿಯಾಗಿ ಎರಡು ಹೆಜ್ಜೆ ಇಟ್ಟೆ. ಆಮೇಲೆ ತಲೆಗೆ ಹೊಳೆಯಿತು, ಈ ಕಡೆ ಮೂರು ಮೈಲಿಗೆ ಒಂದು ಮನೆ ಇಲ್ಲ. ನಿಂತಲ್ಲೇ ನಿಂತೆ. ಎದುರಿಗೆ "ಫುಸ್" ಅಂತ ಒಂದು ಉಸಿರು. ಮಂಜು ಸ್ವಲ್ಪ ಸರಿದಾಗ ಮೊದಲು ಕಂಡಿದ್ದು ಕಾಲು, ಬಿಳಿ ಸಾಕ್ಸ್ ಹಾಕಿದ ಹಾಗೆ. ಮೇಲೆ ನೋಡಿದರೆ ಕಾಟಿ. ಹಿಂದೆ ಇನ್ನೂ ಐದಾರು, ಒಂದು ಕರು ಬೇರೆ. ಕರು ಬಣ್ಣ ಗೊತ್ತಲ್ಲ, ಕಪ್ಪಲ್ಲ, ಹೊಂಬಣ್ಣ. ಕರು ಇರುವ ಕಾಟಿ ಹತ್ತಿರ ಆಟ ಆಡಬಾರದು. ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಹಿಂದೆ ಬಂದೆ. ದನ ಮಾರನೇ ದಿನ ತಾನಾಗೇ ಮನೆಗೆ ಬಂತು.

ಸಿಳ್ಳಾರ:

ಕಳಸದವರ ಮಾತಿಗೆ ನನ್ನದೂ ಒಂದು ವೋಟು. ಲೆನ್ಸ್‌ಕ್ಯಾಪ್ ಅವರೇ, ನಾಗರಹೊಳೆಯಲ್ಲಿ ಜಾಸ್ತಿ ಕಾಣುತ್ತೆ ನಿಜ. ಆದರೆ ಅದು ಬೇರೆ ಕಾಡು. ಅಲ್ಲಿ ಎಲೆ ಉದುರುವ ಮರಗಳು, ನೆಲಕ್ಕೆ ಬಿಸಿಲು ಬೀಳುತ್ತೆ, ಹುಲ್ಲು ಬರುತ್ತೆ, ಜಿಂಕೆ ಹಿಂಡು ಬರುತ್ತೆ. ಕುದುರೆಮುಖದ ಕಾಡು ವರ್ಷಪೂರ್ತಿ ಹಸಿರು. ಊಟ ಎಲ್ಲ ಮಹಡಿ ಮೇಲೆ, ಅಂದ್ರೆ ಮರದ ನೆತ್ತಿಯಲ್ಲಿ. ಹಾಗಾಗಿ ಇಲ್ಲಿ ಕುತ್ತಿಗೆ ಎತ್ತಿ ನೋಡಬೇಕು. ನಾನು ಹಕ್ಕಿ ನೋಡಲು ಹೋಗೋಳು, ಮನೆಗೆ ಬಂದ ಮೇಲೆ ಎರಡು ದಿನ ಕತ್ತು ನೋವು ಇದ್ದೇ ಇರುತ್ತೆ.

ಸಿಂಗಳೀಕ ಇಲ್ಲಿ ಖಂಡಿತ ಇವೆ. ಅಸಲಿಗೆ ಈ ರಾಷ್ಟ್ರೀಯ ಉದ್ಯಾನ ಆಗಿದ್ದರಲ್ಲೇ ಸಿಂಗಳೀಕದ ಪಾಲಿದೆ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿದರು, 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಅದರ ನಡುವೆಯೇ ಕಬ್ಬಿಣದ ಗಣಿ ಬೇರೆ ನಡೀತಿತ್ತು, ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ನಿಂತಿತು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಕೋತಿ ಇಲ್ಲ.

ಗುರುತು ಹಿಡಿಯೋದು ಸುಲಭ, ಆದರೂ ಜನ ಮುಸಿಯವನ್ನೇ ನೋಡಿ ಸಿಂಗಳೀಕ ನೋಡಿದ್ವಿ ಅಂತ ಬರೀತಾರೆ. ಮುಸಿಯಕ್ಕೆ ಬೂದು ಮೈ, ಉದ್ದ ಬಾಲ. ಸಿಂಗಳೀಕ ಅಂದ್ರೆ ಇದ್ದಿಲ ಹಾಗೆ ಕಪ್ಪು, ಮುಖದ ಸುತ್ತ ಬಿಳಿ ಕೂದಲು, ಗಿಡ್ಡ ಬಾಲ, ಬಾಲದ ತುದಿಗೆ ಸಿಂಹದ್ದರ ಹಾಗೆ ಕುಚ್ಚು. ಕೊಂಬೆ ಅಲುಗಿದ ಸದ್ದು, ಮೇಲಿಂದ ಹಣ್ಣಿನ ಸಿಪ್ಪೆ ಬೀಳುವ ಸದ್ದು ಕೇಳಿದರೆ ನಿಂತು ನೋಡಿ. ರಸ್ತೆ ಪಕ್ಕ ಸಿಕ್ಕರೆ ಬಾಳೆಹಣ್ಣು, ಚಿಪ್ಸು ಕೊಡಬೇಡಿ ಪ್ಲೀಸ್. ಒಂದು ಸಲ ಅಭ್ಯಾಸ ಆಯಿತೋ ಮರ ಬಿಟ್ಟು ಇಳಿದು ಬರುತ್ತವೆ, ಗಾಡಿ ಅಡಿಗೆ ಸಿಕ್ಕಿ ಸಾಯುತ್ತವೆ.

ಇನ್ನೊಂದು. ಕಾಣದಿದ್ದರೆ ಏನಂತೆ, ಕೇಳಿಸುತ್ತೆ. ಬೆಳಗಿನ ಜಾವ ಹೊಳೆ ಹತ್ತಿರ ಯಾರೋ ಹುಡುಗ ಹಲ್ಲುಜ್ಜುತ್ತಾ ಅರ್ಧಂಬರ್ಧ ರಾಗ ಸಿಳ್ಳೆ ಹಾಕಿದ ಹಾಗೆ ಕೇಳಿದರೆ ಅದು ಸಿಳ್ಳಾರ ಹಕ್ಕಿ. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು. ಮಳೆಗಾಲದಲ್ಲಿ ಜೋರು, ನವೆಂಬರಲ್ಲಿ ಸ್ವಲ್ಪ ಕಡಿಮೆ. ತಲೆ ಮೇಲೆ ಹಳೇ ಸ್ಟೀಮ್ ಎಂಜಿನ್ ಹೋದ ಹಾಗೆ ರೆಕ್ಕೆ ಸದ್ದು ಬಂದರೆ ಮಂಗಟ್ಟೆ ಹಕ್ಕಿ.

ಕಾಳಿಂಗ ಸರ್ಪದ ಬಗ್ಗೆ ಅಪ್ಪನಿಗೆ ಒಂದು ಸುದ್ದಿ ಹೇಳಿ, ಅವರಿಗೆ ಖುಷಿಯಾಗಬಹುದು. 2024ರಲ್ಲಿ ಹಾವುಗಳ ಸಂಶೋಧಕ ಗೌರಿಶಂಕರ್ ಮತ್ತವರ ಜೊತೆಗಾರರು ನಮ್ಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಅಂತ ತೋರಿಸಿಕೊಟ್ಟರು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಿ ಕರೀತಿದ್ದ ಹೆಸರೇ ಈಗ ಪುಸ್ತಕದಲ್ಲಿ!

ಸಾಗರದ ಸೊಸೆ:

ಎಲ್ಲರೂ ಪ್ರಾಣಿ ಬಗ್ಗೆನೇ ಹೇಳ್ತಿದ್ದೀರಿ, ನಿಮ್ಮನ್ನು ಹುಡುಕಿಕೊಂಡು ಬರುವ ಪ್ರಾಣಿ ಬಗ್ಗೆ ನಾನು ಹೇಳ್ತೀನಿ.

ಇಂಬಳ, ಅಂದ್ರೆ ಕಾಡಿನ ಜಿಗಣೆ. ನವೆಂಬರ್ ಕೊನೆಗೆ ಕಡಿಮೆ ಆಗಿರುತ್ತೆ, ಆದರೆ ಹೊಳೆ ಪಕ್ಕ, ನೆರಳಲ್ಲಿ ಇದ್ದೇ ಇರುತ್ತೆ. ಸುಣ್ಣ, ಹೊಗೆಸೊಪ್ಪು ತಿಕ್ಕಿದ ಬಟ್ಟೆ ಕಾಲಿಗೆ ಸುತ್ತಿಕೊಳ್ಳೋದು ಹಳೇ ಉಪಾಯ, ಇಲ್ಲಾಂದ್ರೆ ಮಂಡಿ ತನಕ ಬರುವ ಇಂಬಳದ ಸಾಕ್ಸ್ ತಗೊಳ್ಳಿ. ಕಚ್ಚಿದರೆ ಎಳೀಬೇಡಿ, ಉಗುರಲ್ಲಿ ಬಾಯಿ ಹತ್ತಿರ ಪಕ್ಕಕ್ಕೆ ಜಾರಿಸಿ. ಬಿಟ್ಟ ಮೇಲೂ ತುಂಬಾ ಹೊತ್ತು ರಕ್ತ ಬರುತ್ತೆ. ಹೆದರಬೇಡಿ, ರಕ್ತ ಹೆಪ್ಪುಗಟ್ಟದ ಹಾಗೆ ಅದೇ ಏನೋ ಬಿಟ್ಟಿರುತ್ತೆ. ಅಪ್ಪ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮಾತ್ರ ಮೊದಲೇ ಡಾಕ್ಟರನ್ನ ಕೇಳಿ.

ನನಗೆ ನಿಜವಾಗಿ ಭಯ ಇರೋದು ಉಣ್ಣೆದು, ಅದೇ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಮಂಗನ ಕಾಯಿಲೆ ಕೇಳಿದ್ದೀರಲ್ಲ, ಉಣ್ಣೆ ಕಚ್ಚಿ ಬರುವ ಜ್ವರ, 1957ರಲ್ಲಿ ನಮ್ಮ ಕಡೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಗೊತ್ತಾಗಿದ್ದು. ಡಿಸೆಂಬರಿಂದ ಮೇ ತನಕ ಅದರ ಕಾಲ. ಮರಿ ಉಣ್ಣೆ ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಮನೆ ಕಾಡಲ್ಲಿ ದರಗು (ಒಣ ಎಲೆ) ಗುಡಿಸಲು ಹೋಗಿ ಸೊಂಟದ ಸುತ್ತ ಹನ್ನೊಂದು ಉಣ್ಣೆ ಹತ್ತಿಸಿಕೊಂಡು ಬಂದಿದ್ದೆ. ಅತ್ತೆ ದೀಪದ ಬೆಳಕಲ್ಲಿ ಒಂದೊಂದೇ ತೆಗೆದರು. ಏನೂ ಆಗಲಿಲ್ಲ, ಆದರೆ ಆ ಹತ್ತು ದಿನ ಮೈ ಬೆಚ್ಚಗಾದರೆ ಸಾಕು ಎದೆ ಢವಢವ ಅಂತಿತ್ತು. ಒಣ ಎಲೆ ಮೇಲೆ ಕೂರಬೇಡಿ, ಮಲಗಬೇಡಿ. ಉಣ್ಣೆ ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸಂಜೆ ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಾಯಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ವಾಪಸ್ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ವಿ" ಅಂತ ಮೊದಲು ಹೇಳಿ. ಬೆಂಗಳೂರಲ್ಲಿ ಡೆಂಗಿ ಅಂದ್ಕೊಂಡುಬಿಡ್ತಾರೆ.

ಲೆನ್ಸ್‌ಕ್ಯಾಪ್:

ಸರಿ ಸೋತೆ. ಆದರೆ ಆ ಗುಡ್ಡ ಬೋಳು ಬಿದ್ದಿರೋದು ನೋಡಿ ಬೇಜಾರಾಗಲ್ವಾ? ಅಷ್ಟು ಜಾಗ ಇದೆ, ಗಿಡ ನೆಟ್ಟರೆ ಕಾಡು ಇನ್ನೂ ಬೆಳೆಯುತ್ತಲ್ಲ?

ಕಳಸದವ:

ಅಯ್ಯೋ, ಆ ಕೆಲಸ ಮಾತ್ರ ಬೇಡ ಮಾರಾಯ್ರೇ. ಅದು ಬೋಳಲ್ಲ, ಹುಲ್ಲುಗಾವಲು. ಮಳೆ ನೀರು ಕುಡಿದು ಇಟ್ಟುಕೊಳ್ಳುವುದೇ ಆ ಹುಲ್ಲಿನ ಬುಡ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಗುಡ್ಡಗಳಲ್ಲೇ. ಕಾಟಿಗೆ ತಟ್ಟೆಯೂ ಅದೇ. ನೀವು ಅಲ್ಲಿ ಅಕೇಶಿಯಾ ನೆಟ್ಟರೆ ಕಾಟಿ ನಮ್ಮ ತೋಟಕ್ಕೆ ಬಂದು ಬಾಳೆ ತಿನ್ನುತ್ತದೆ.

ಬೆಟ್ಟದಹುಚ್ಚ:

ಹೋಗಿ ಬಂದ್ವಿ! ಕಳೆದ ವಾರ ಬುಧವಾರ, ಗುರುವಾರ. ವಾರದ ನಡುವೆ ರಜೆ ಹಾಕಿ ಹೋಗಿದ್ದೇ ಒಳ್ಳೇದಾಯಿತು. ಹೋಂಸ್ಟೇಯಲ್ಲಿ ನಾವಿಬ್ಬರೇ.

ಸಿಂಗಳೀಕ ಸಿಗಲಿಲ್ಲ. ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ಎರಡನೇ ದಿನ ಬೆಳಿಗ್ಗೆ ಅಪ್ಪ ಜಗಲಿಯಿಂದ ಏಳಲೇ ಇಲ್ಲ, ತಿಂಡಿಗೂ. ಎದುರಿನ ಹಲಸಿನ ಮರದಲ್ಲಿ ಒಂದು ಕೆಂಜಳಿಲು ಕೊಂಬೆ ಮೇಲೆ ಉದ್ದಕ್ಕೆ ಮಲಗಿತ್ತು, ಬಾಲ ಕೆಳಗೆ ಟವೆಲ್ ನೇತುಹಾಕಿದ ಹಾಗೆ. ಬಿಸಿಲು ಬಿದ್ದಾಗ ಅದರ ಬೆನ್ನು ಕರಿ ಬೆಲ್ಲದ ಬಣ್ಣ. ಅಪ್ಪ ಅದನ್ನೇ ಒಂದೂವರೆ ಗಂಟೆ ನೋಡಿದರು. ಅಳಿಲು ಎದ್ದು ಮೈ ಮುರಿದು ಪಕ್ಕದ ಮರಕ್ಕೆ ಹಾರಿದ ಮೇಲೇ ಕಡುಬಿಗೆ ಬಂದಿದ್ದು. ಸಂಜೆ ಎದುರು ಗುಡ್ಡದಲ್ಲಿ ನಾಲ್ಕು ಕಪ್ಪು ಚುಕ್ಕೆ ಓಡಾಡುತ್ತಿದ್ದವು. ಮನೆಯವರು ಬೈನಾಕ್ಯುಲರ್ ಕೊಟ್ಟರು, ಕಾಟಿ. ವಾಸನೆ ಬರುವಷ್ಟು ಹತ್ತಿರ ಅಲ್ಲ, ಅಷ್ಟೇ ಸಾಕು ಅಂದ್ಕೊಂಡೆ.

ಸಾಗರದ ಸೊಸೆ ಅವರೇ, ಉಣ್ಣೆ ಒಂದೂ ಇಲ್ಲ, ಬಂದ ತಕ್ಷಣ ಸ್ನಾನ ಮಾಡಿದ್ವಿ. ಇಂಬಳ ಅಪ್ಪನಿಗೆ ಒಂದೂ ಹತ್ತಲಿಲ್ಲ, ನನಗೆ ಏಳು. ಸಾಕ್ಸ್ ಒಂದೇ ಜೊತೆ ಇತ್ತು.

ಕೊನೆಗೆ ಒಂದು ಪ್ರಶ್ನೆ. ತೋಟದ ಹಾದಿಯ ಒಂದು ಬಂಡೆ ಮೇಲೆ ಕಾಫಿ ಬೀಜಗಳು ಚಿಕ್ಕಿ ಥರ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಬಿದ್ದಿದ್ದವು. ಯಾರೋ ಒಣಗಲು ಇಟ್ಟಿರಬೇಕು ಅಂತ ಅಪ್ಪ ಒಂದು ಹಿಡಿ ಎತ್ತಿ ಮೂಸಿಯೂ ನೋಡಿದರು. ಏನದು?

ಕಳಸದವ:

ಅಪ್ಪನಿಗೆ ಸೋಪು ಹಾಕಿ ಕೈ ತೊಳೆಯಲು ಹೇಳಿ ಮಾರಾಯ್ರೇ. ಅದು ಕಬ್ಬೆಕ್ಕಿನ (ಪುನುಗು ಬೆಕ್ಕಿನ ಜಾತಿಯದು) ಹಿಕ್ಕೆ. ರಾತ್ರಿ ಬಂದು ಚೆನ್ನಾಗಿ ಹಣ್ಣಾದ ಕಾಫಿಯನ್ನೇ ಆರಿಸಿ ತಿಂದು, ಬೀಜ ಮಾತ್ರ ಬಂಡೆ ಮೇಲೆ ಬಿಟ್ಟು ಹೋಗುತ್ತದೆ. ನಮ್ಮ ತೋಟದಲ್ಲೂ ಅದಕ್ಕೆ ಖಾಯಂ ಒಂದು ಬಂಡೆ ಇದೆ. ಪ್ರತಿ ವರ್ಷ ಮೊದಲ ಹಣ್ಣು ಕೊಯ್ಯುವುದು ಅದೇ, ನಾವಲ್ಲ.