ಮಾಣಿಯ ಕೇಸಿನ ಬಗ್ಗೆ ಅಕ್ಕ, ಭಾವನಿಗೆ

ಅಕ್ಕಾ, ನಿನ್ನೆ ರಾತ್ರಿ ನೀನು ಗುಂಪಿಗೆ ಕಳಿಸಿದ ಸಂದೇಶವನ್ನು ಎರಡು ಸಲ ಕೇಳಿದೆ. ಮಾಣಿ ಗೋವಾದ ಕಾಣಕೋಣದಲ್ಲಿ ಗೆಳೆಯನ ಆರತಕ್ಷತೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದಾಗ ಗಡಿಯ ಮಾಜಾಳಿಯ ಈಚೆ ನಮ್ಮ ಪೊಲೀಸರು ತಡೆದು ಮದ್ಯ ಪತ್ತೆ ಯಂತ್ರಕ್ಕೆ ಊದಿಸಿದರು, ಕುಡಿದು ವಾಹನ ಓಡಿಸಿದ ಕೇಸು ಹಾಕಿ ಬೈಕನ್ನೂ ಲೈಸನ್ಸನ್ನೂ ಇಟ್ಟುಕೊಂಡರು, ಠಾಣೆಯಲ್ಲೇ ದಂಡ ಕಟ್ಟಿ ಮುಗಿಸಲು ಬರುತ್ತದೆಯೇ ಎಂದು ಕೇಳಿದ್ದೀಯಾ. ಬರುವುದಿಲ್ಲ. ಹೆಲ್ಮೆಟ್ ಹಾಕದ್ದಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ರಸೀದಿ ಪಡೆಯುವ ಹಾಗೆ ಇದನ್ನು ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಕೇಸು ನ್ಯಾಯಾಲಯದಲ್ಲಿಯೇ ತೀರ್ಮಾನವಾಗಬೇಕು. ಆದ್ದರಿಂದ ಪರಿಚಯದವರಿಂದ ಹೇಳಿಸುವ, ಯಾರದೋ ಕೈಗೆ ಹಣ ಕೊಡುವ ಯೋಚನೆಯನ್ನು ಭಾವ, ನೀವು ದಯವಿಟ್ಟು ಬಿಟ್ಟುಬಿಡಿ. ಹಾಗೆ ಕೊಟ್ಟ ಹಣವೂ ಹೋಗಿ, ಸಮನ್ಸೂ ಮನೆಗೆ ಬಂದ ಕುಟುಂಬಗಳನ್ನು ನಾನು ಕೋರ್ಟಿನ ಕಚೇರಿಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ.

ಗೋವಾದಲ್ಲಿ ಕುಡಿದದ್ದಕ್ಕೆ ಇಲ್ಲಿ ಹೇಗೆ ಕೇಸು ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಈ ಕಾಯ್ದೆ ಇಡೀ ದೇಶಕ್ಕೆ ಒಂದೇ. ಎಲ್ಲಿ ಕುಡಿದ ಎಂಬುದು ಇಲ್ಲಿ ಪ್ರಶ್ನೆಯಲ್ಲ, ವಾಹನ ಓಡಿಸುವಾಗ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಇತ್ತೇ ಎಂಬುದಷ್ಟೇ ಪ್ರಶ್ನೆ. ಊದುವುದಿಲ್ಲ ಎಂದು ಹಟ ಹಿಡಿಯಬೇಕಿತ್ತು ಎಂಬ ಸಲಹೆಯನ್ನಂತೂ ನಮ್ಮ ಮನೆಯ ಮಕ್ಕಳು ಯಾರೂ ಕೇಳಬಾರದು; ನಿರಾಕರಿಸಿದವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು, ಆ ನಿರಾಕರಣೆಯನ್ನೇ ಮುಂದೆ ಅವನ ವಿರುದ್ಧ ಪೂರಕ ಸಾಕ್ಷ್ಯವಾಗಿಯೂ ಹಿಡಿಯಬಹುದು. ಮಾಣಿ ಊದಿದ್ದು ಸರಿಯಾಯಿತು.

ನೀನು ಕಳಿಸಿದ ಫೋಟೋದಲ್ಲಿ ಆ ಯಂತ್ರದ ಚೀಟಿಯನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ಯಂತ್ರದ ನಂಬರು, ಅದರ ಕೆಳಗೆ ತಾರೀಖು, 11.48ರ ಸಮಯ, ನಂತರ ಮದ್ಯಾಂಶದ 62 ಎಂಬ ಅಂಕಿ, ಕೊನೆಯಲ್ಲಿ ಅಧಿಕಾರಿಯ ಸಹಿ, ಪಕ್ಕದಲ್ಲಿ ಮಾಣಿಯ ಸಹಿ. ಎಸ್ಸೆಸ್ಸೆಲ್ಸಿ ಅರ್ಜಿಗೆ ನನ್ನ ಎದುರೇ ಕೂತು ನೆಟ್ಟಗೆ ಸಹಿ ಹಾಕಿದ ಹುಡುಗನ ಕೈ ಅಷ್ಟು ನಡುಗಿದ್ದನ್ನು ಕಂಡು ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಂಥ ಚೀಟಿಯ ಅಕ್ಷರ ಬಿಸಿಲಿಗೆ, ಸೆಖೆಗೆ ಕೆಲವೇ ವಾರಗಳಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ಇಂದೇ ಅದರ ಎರಡು ಜೆರಾಕ್ಸ್ ತೆಗೆಸಿ ಇಡು. ಲೈಸನ್ಸ್ ಇಟ್ಟುಕೊಂಡದ್ದಕ್ಕೆ ಕೊಟ್ಟ ಸ್ವೀಕೃತಿ ಪತ್ರವನ್ನೂ ಬೈಕಿನ ಆರ್‌ಸಿ, ವಿಮೆಯ ಪ್ರತಿಗಳನ್ನೂ ಅದೇ ಕವರಿನಲ್ಲಿ ಹಾಕು. ಎಷ್ಟು ಹೊತ್ತಿಗೆ ಕುಡಿದ, ಎಷ್ಟು ಕುಡಿದ, ಎಲ್ಲಿ ತಡೆದರು, ಎಷ್ಟು ಸಲ ಊದಿಸಿದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಅವನೇ ಒಂದು ಹಾಳೆಯಲ್ಲಿ ಬರೆದಿಡಲಿ, ವಕೀಲರಿಂದ ಏನನ್ನೂ ಮುಚ್ಚಿಡದಿರಲಿ.

ಜೈಲಿಗೆ ಹಾಕುತ್ತಾರೆಯೇ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಇದು ಜಾಮೀನು ಸಿಗುವ ಅಪರಾಧ. ಯಾವುದನ್ನು ವಿಧಿಸಬೇಕೆಂಬುದು ನ್ಯಾಯಾಧೀಶರಿಗೆ ಬಿಟ್ಟದ್ದಾದ್ದರಿಂದ ನಾನು ಈಗಲೇ ಮಾತು ಕೊಡಲಾರೆ, ಆದರೆ ಹೇಳಿದ ತಾರೀಖಿಗೆ ಹಾಜರಾಗದೆ ವಾರಂಟ್ ತರಿಸಿಕೊಂಡರೆ ಇರುವ ತೊಂದರೆ ಇಮ್ಮಡಿಯಾಗುತ್ತದೆ ಎಂಬುದು ಖಂಡಿತ. ತಪ್ಪೊಪ್ಪಿಕೊಳ್ಳಬೇಕೋ ಕೇಸು ನಡೆಸಬೇಕೋ ಎಂಬುದನ್ನು ವಕೀಲರು ಕಾಗದ ನೋಡಿದ ಮೇಲೆ ನಿರ್ಧರಿಸೋಣ. ಒಪ್ಪಿಕೊಂಡರೆ ಅದು ಶಿಕ್ಷೆಯಾಗಿ ದಾಖಲಾಗುತ್ತದೆ. ಇನ್ನೊಮ್ಮೆ ಹೀಗಾದರೆ ಎರಡು ವರ್ಷದವರೆಗೆ ಸೆರೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ ಎಂಬುದನ್ನು ತಿಳಿದೇ ಅವನು ಒಪ್ಪಬೇಕು. ವಕೀಲರ ಫೀಸು ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, 15100ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಲೈಸನ್ಸಿನ ವಿಷಯ ಬೇರೆ. ಪೊಲೀಸರು ಅದನ್ನು ಆರ್‌ಟಿಓಗೆ ಕಳಿಸುತ್ತಾರೆ, ಅಮಾನತು ಮಾಡುವ ಮೊದಲು ಅವನ ಮಾತು ಕೇಳಲು ಅಲ್ಲಿಂದ ನೋಟಿಸು ಬರುತ್ತದೆ. ಅದಕ್ಕೆ ಉತ್ತರ ಕೊಡದೆ ಇರಬೇಡಿ. ಅಲ್ಲಿಯವರೆಗೆ ಅವನು ಯಾರ ಗಾಡಿಯನ್ನೂ ಮುಟ್ಟಬಾರದು, ತೋಟಕ್ಕೆ ಹೋಗುವ ಸ್ಕೂಟಿಯನ್ನೂ ಸಹ.

ಅವನನ್ನು ಬೈಯಬೇಡ ಎಂದು ನಾನು ಹೇಳುವುದಿಲ್ಲ ಅಕ್ಕಾ. ಆ ರಾತ್ರಿ ತಡೆಯದಿದ್ದರೆ ಅವನು ಕಾಳಿ ಸೇತುವೆ ದಾಟಿ, ಅಂಕೋಲಾ, ಕುಮಟಾ ಕಳೆದು ದೇವಿಮನೆ ಘಟ್ಟದ ತಿರುವುಗಳನ್ನು ಅದೇ ಸ್ಥಿತಿಯಲ್ಲಿ ಹತ್ತುತ್ತಿದ್ದ. ಬೈದ ಮೇಲೆ ಊಟಕ್ಕೆ ಕರೆ. ಗುರುವಾರ ಸಂಜೆಯ ಬಸ್ಸಿಗೆ ಅವನನ್ನು ಶಿರಸಿಯಿಂದ ಕಳಿಸು, ರಾತ್ರಿ ನಮ್ಮ ಮನೆಯಲ್ಲಿ ಉಳಿಯಲಿ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಅವನನ್ನು ಕಾರವಾರದ ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ.