ಅಪ್‌ಡೇಟ್: ಮಾದರಿ ರೈಲು ಮಾರಲಿಲ್ಲ, ಗೋಡೆಯ ಶೆಲ್ಫ್‌ಗೆ ಬಂತು

ಮಗಳು ಹುಟ್ಟಿದ್ದಾಳೆ, ಅಪ್ಪ-ಅಮ್ಮನೂ ಸಾಗರದ ನಮ್ಮ ಮನೆಗೇ ಬಂದಿದ್ದಾರೆ, ಮಾದರಿ ರೈಲಿನ ಕೋಣೆ ಬಿಟ್ಟುಕೊಡಬೇಕು, ಎಲ್ಲಾ ಮಾರಿಬಿಡಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮಾರಲಿಲ್ಲ!

ಗೋಡೆಗೆ ಶೆಲ್ಫ್ ಹೊಡೆದು ಚಿಕ್ಕದಾಗಿ ಕಟ್ಟಿ ಎಂದವರ ಸಲಹೆಯೇ ಕೈ ಹಿಡಿಯಿತು. ಆರು ಅಡಿ ಉದ್ದ, ಒಂದಡಿ ಅಗಲ. ಅದರ ಮೇಲೆ ತಾಳಗುಪ್ಪ ನಿಲ್ದಾಣದ ಮಾದರಿ. ಅಲ್ಲಿಗೆ ಹಳಿ ಮುಗಿಯುತ್ತದೆ ಅಲ್ವಾ, ಹಾಗಾಗಿ ರೈಲು ವಾಪಸ್ ಹೊರಡಲು ಇಂಜಿನ್ನನ್ನು ಬೋಗಿಗಳಿಂದ ಬಿಚ್ಚಿ, ಪಕ್ಕದ ಹಳಿಯಲ್ಲಿ ತಂದು, ರೈಲಿನ ಇನ್ನೊಂದು ತುದಿಗೆ ಜೋಡಿಸಬೇಕು. ಮಗು ಮಲಗಿದಾಗ ಸಿಗುವ ಹೊತ್ತಿಗೆ ಇಷ್ಟು ಕೆಲಸ ಸರಿಯಾಗುತ್ತದೆ. ಮೊದಲು ಸುಮ್ನೆ ಸುತ್ತು ಹೊಡೆಯುತ್ತಿದ್ದ ರೈಲಿಗಿಂತ ಇದರಲ್ಲೇ ಖುಷಿ ಜಾಸ್ತಿ. ಇದನ್ನು ನಿರೀಕ್ಷಿಸಿರಲಿಲ್ಲ.

ಎನ್ ಸ್ಕೇಲ್‌ಗೆ, ಅಂದರೆ ಇನ್ನೂ ಚಿಕ್ಕ ಅಳತೆಯ ಮಾದರಿ ರೈಲಿಗೆ, ಬದಲಾಗುವ ಸಲಹೆ ನನಗೆ ಹೊಂದಲಿಲ್ಲ. ಅದರ ಹಳಿಯ ಅಗಲ 9 ಮಿ.ಮೀ., ನನ್ನದು ಎಚ್‌ಒ ಎಂಬ ದೊಡ್ಡ ಅಳತೆ, ಅದರ ಹಳಿ 16.5 ಮಿ.ಮೀ. ಇಂಜಿನ್, ಬೋಗಿ ಎಲ್ಲಾ ಹೊಸದಾಗಿ ಕೊಳ್ಳಬೇಕು. ಈಗ ದುಡ್ಡಿಗೆ ಬೇರೆ ದಾರಿಗಳಿವೆ. ಅಟ್ಟದಲ್ಲಿ ಕಟ್ಟಿಡುವುದೂ ಆಗಲಿಲ್ಲ, ಮಳೆಗಾಲದ ತೇವ ಪೆಟ್ಟಿಗೆಗೇ ಇಳಿಯಿತು.

ಮಲೆನಾಡಿನವರಿಗೆ ಒಂದು ಮಾತು: ಹಳಿ ಕಪ್ಪಾದರೆ ಮರಳು ಕಾಗದ ಹಾಕಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕರೆಂಟ್ ಆಫ್ ಮಾಡಿ, ಕಿಟಕಿ ತೆರೆದು ಒರೆಸಿ.